ಮೂವತ್ತು ದಿನದ ತರಬೇತಿ ಮುಗಿಸಿ ಪಾರ್ಲರ್ ತೆರೆಯಬಹುದೇ?

ತಿಪಟೂರಿನವಳು · ಸೋಮವಾರ ರಾತ್ರಿ

ಎಲ್ಲರಿಗೂ ನಮಸ್ಕಾರ. ನನಗೆ 26 ವರ್ಷ, ಪಿಯುಸಿ ಆಗಿದೆ. ಮದುವೆಗೆ ಮೊದಲು ಮೂರು ವರ್ಷ ಬೆಂಗಳೂರಿನ ಗಾರ್ಮೆಂಟ್ಸ್ ಒಂದರಲ್ಲಿ ಕಾಲರ್ ಹೊಲಿಯುತ್ತಿದ್ದೆ. ಈಗ ಮಗಳು ಅಂಗನವಾಡಿಗೆ ಹೋಗುತ್ತಾಳೆ, ಬೆಳಗಿನ ಹೊತ್ತು ಕೈ ಖಾಲಿ. ನಾದಿನಿಯಿಂದ ಐಬ್ರೋ ಮಾಡುವುದನ್ನು ಅರ್ಧಂಬರ್ಧ ಕಲಿತಿದ್ದೇನೆ. ಚೀಟಿ ಎತ್ತಿದ ದುಡ್ಡು 1,40,000 ರೂಪಾಯಿ ಇದೆ. ಮನೆಯ ಮುಂದಿನ ಕೋಣೆ ರಸ್ತೆಗೇ ತೆರೆದುಕೊಳ್ಳುತ್ತದೆ, ಹತ್ತಡಿಗೆ ಹನ್ನೆರಡಡಿ.

ಮೂರು ದಾರಿ ಕಾಣಿಸುತ್ತಿವೆ. ಬ್ಯಾಂಕಿನವರು ನಡೆಸುವ ಮೂವತ್ತು ದಿನದ ಉಚಿತ ತರಬೇತಿ ಮುಗಿಸಿ ಆ ಕೋಣೆಯಲ್ಲೇ ಶುರು ಮಾಡುವುದು ಒಂದು. ಬೆಂಗಳೂರಿನಲ್ಲಿ 85,000 ರೂಪಾಯಿ ಕಟ್ಟಿ ಆರು ತಿಂಗಳ ಡಿಪ್ಲೊಮಾ ಮಾಡುವುದು ಇನ್ನೊಂದು. ಇಲ್ಲೇ ಯಾರದಾದರೂ ಪಾರ್ಲರ್‌ನಲ್ಲಿ ಸಹಾಯಕಿಯಾಗಿ ಸೇರುವುದು ಮೂರನೆಯದು. ಅತ್ತೆಗೆ ಮೂರೂ ಬೇಡ. 'ಊರವರ ಕಾಲು ತಿಕ್ಕುವ ಕೆಲಸಕ್ಕೆ ನಮ್ಮ ಮನೆಯ ಹಜಾರ ಬೇಕೇ?' ಎನ್ನುತ್ತಾರೆ. ಅನುಭವ ಇರುವವರು ಹೇಳಿ.

ಹುಬ್ಬಳ್ಳಿ ಹುಬ್ಬು · ಸೋಮವಾರ ರಾತ್ರಿ

ತಂಗಿ, ಈಗಲೇ ಬೋರ್ಡ್ ಬರೆಸಬೇಡ.

ನಾನು ಈ ಕಸುಬಿಗೆ ಬಂದು ಹತ್ತೊಂಬತ್ತು ವರ್ಷವಾಯಿತು. ಮೊದಲ ಅಂಗಡಿ ಎಂಟೇ ತಿಂಗಳಲ್ಲಿ ಮುಚ್ಚಿದೆ. ಕೈಯಲ್ಲಿ ಸರ್ಟಿಫಿಕೇಟ್ ಇತ್ತು, ಗೋಡೆಯಲ್ಲಿ ಕನ್ನಡಿ ಇತ್ತು, ಮೂಲೆಯಲ್ಲಿ ಹೈಡ್ರಾಲಿಕ್ ಕುರ್ಚಿ ಇತ್ತು. ಬರುವ ಹೆಂಗಸರೇ ಇರಲಿಲ್ಲ. ಬಂದವರೂ ಎರಡನೇ ಸಲ ಬರಲಿಲ್ಲ. ಸಾಲದ್ದಕ್ಕೆ ಬಾಗಿಲು ತೆರೆದದ್ದು ಆಷಾಢಕ್ಕೆ ಹತ್ತು ದಿನ ಇರುವಾಗ. ಮದುವೆ ಇಲ್ಲ, ಸೀಮಂತ ಇಲ್ಲ, ಗೃಹಪ್ರವೇಶ ಇಲ್ಲ. ಬಾಡಿಗೆ ಮಾತ್ರ ಒಂದನೇ ತಾರೀಖಿಗೆ ಸರಿಯಾಗಿ ಬರುತ್ತಿತ್ತು.

ಆಮೇಲೆ ತಿಂಗಳಿಗೆ 1,500 ರೂಪಾಯಿಗೆ ಇನ್ನೊಬ್ಬರ ಪಾರ್ಲರ್ ಸೇರಿದೆ. ಮೊದಲ ಎರಡು ತಿಂಗಳು ನೆಲ ಒರೆಸಿ, ಟವೆಲ್ ಒಗೆದು, ವ್ಯಾಕ್ಸ್ ಪಟ್ಟಿ ಕತ್ತರಿಸುವುದೇ ಕೆಲಸ. ಕಲಿತದ್ದು ಅಲ್ಲೇ. ಯಾರು ಒಳಗೆ ಬಂದು ಕನ್ನಡಿ ನೋಡುತ್ತಾರೆ, ಯಾರು ಮೊದಲು ದರಪಟ್ಟಿ ನೋಡುತ್ತಾರೆ, ಯಾರು ಬರೀ ಹುಬ್ಬಿಗೆ ಬಂದು ಕತ್ತಿನ ಕಪ್ಪು ಕಲೆಯ ಬಗ್ಗೆ ಪಿಸುಗುಟ್ಟಿ ಕೇಳುತ್ತಾರೆ ಎಂಬುದನ್ನು ಯಾವ ಡಿಪ್ಲೊಮಾವೂ ಹೇಳಿಕೊಡುವುದಿಲ್ಲ.

ದಾರದಿಂದ ಹುಬ್ಬು ತೀಡುವ ಕೆಲಸ ಅರ್ಧಂಬರ್ಧ ಬರುತ್ತದೆ ಎಂದೆಯಲ್ಲ, ಪೂರ್ತಿ ಕಲಿಯಲು ಇನ್ನೊಬ್ಬರ ಹುಬ್ಬು ಬೇಡ. ನಾನು ಕಲಿತದ್ದು ನನ್ನದೇ ಮೊಣಕಾಲಿನ ಕೆಳಗಿನ ಕೂದಲಿನ ಮೇಲೆ. ನಲವತ್ತನೇ ನಂಬರಿನ ಹತ್ತಿ ದಾರ ತೆಗೆದುಕೋ. ನಡುವೆ ಆರೇಳು ಸುತ್ತು ಹುರಿ ಮಾಡು, ಒಂದು ಕೈಯ ಬೆರಳುಗಳನ್ನು ಕತ್ತರಿಯಂತೆ ತೆರೆದು ಮುಚ್ಚು. ಹುರಿ ಆ ಕಡೆಯಿಂದ ಈ ಕಡೆಗೆ ಓಡುವಾಗ ಕೂದಲು ಬುಡದಿಂದ ಬರಬೇಕು. ತುಂಡಾದರೆ ನಿನ್ನ ದಾರ ಸಡಿಲ ಎಂದರ್ಥ, ಚರ್ಮ ಕಚ್ಚಿದರೆ ನೀನು ತೀರಾ ಹತ್ತಿರ ಹೋಗಿದ್ದೀಯ ಎಂದರ್ಥ. ದಾರದ ತುದಿಯನ್ನು ಬಾಯಲ್ಲಿ ಕಚ್ಚುವ ಅಭ್ಯಾಸ ಬೇಡ, ಕತ್ತಿಗೆ ಕುಣಿಕೆ ಹಾಕಿಕೋ. ಬಾಯಲ್ಲಿ ಕಚ್ಚಿ ಕಲಿತವರು ಬದಲಾಯಿಸಲು ವರ್ಷ ಹಿಡಿಯುತ್ತದೆ. ನನಗೆ ಹಿಡಿಯಿತು.

ಲೆಕ್ಕದ ಮೇಷ್ಟ್ರು · ಮಂಗಳವಾರ ಬೆಳಿಗ್ಗೆ

ಬ್ಯಾಂಕಿನಿಂದ ನಿವೃತ್ತನಾದವನು. ಹುಬ್ಬಿನ ವಿಷಯ ನನಗೆ ತಿಳಿಯದು, ದುಡ್ಡಿನ ವಿಷಯ ಹೇಳುತ್ತೇನೆ.

ನೀವು ಹೇಳುತ್ತಿರುವ ಉಚಿತ ತರಬೇತಿ ಆರ್‌ಸೆಟಿಯದು, ಅಂದರೆ ಬ್ಯಾಂಕುಗಳು ನಡೆಸುವ ಗ್ರಾಮೀಣ ಸ್ವ ಉದ್ಯೋಗ ತರಬೇತಿ ಸಂಸ್ಥೆಯದು. ಅದರ ಮೂಲ 1982ರಲ್ಲಿ ಉಜಿರೆಯಲ್ಲಿ ಶುರುವಾದ ರುಡ್‌ಸೆಟಿ. ಧರ್ಮಸ್ಥಳದವರು, ಸಿಂಡಿಕೇಟ್ ಬ್ಯಾಂಕ್ ಮತ್ತು ಕೆನರಾ ಬ್ಯಾಂಕ್ ಸೇರಿ ಕಟ್ಟಿದ್ದು. ಆ ಮಾದರಿಯನ್ನು ಆಮೇಲೆ ದೇಶವೇ ತೆಗೆದುಕೊಂಡಿತು. ಊಟ, ವಸತಿ ಎಲ್ಲ ಸೇರಿ ಒಂದು ರೂಪಾಯಿ ಖರ್ಚಿಲ್ಲ. ಹೋಗಿ ಬನ್ನಿ, ನಷ್ಟವೇನೂ ಇಲ್ಲ. ಅಲ್ಲಿ ಸಿಗುವ ದೊಡ್ಡ ಲಾಭ ಫೇಶಿಯಲ್ ಕಲಿಕೆಗಿಂತ ಲೆಕ್ಕ ಬರೆಯುವ ಕಲಿಕೆ, ಮತ್ತು ಸಾಲದ ಅರ್ಜಿಗೆ ಆಧಾರವಾಗುವ ಪ್ರಮಾಣಪತ್ರ. ಇನ್ನೂ ವ್ಯವಸ್ಥಿತವಾಗಿ ಕಲಿಯಬೇಕೆಂದರೆ ಕೆಲವು ಐಟಿಐಗಳಲ್ಲಿ ಕಾಸ್ಮೆಟಾಲಜಿ ಎಂಬ ಒಂದು ವರ್ಷದ ಕೋರ್ಸ್ ಇದೆ, ಎಸ್ಸೆಸ್ಸೆಲ್ಸಿ ಪಾಸಾಗಿದ್ದರೆ ಸಾಕು. 85,000 ಕಟ್ಟುವ ಮೊದಲು ಅದನ್ನು ವಿಚಾರಿಸಿ.

ಈಗ ಸಾಲ. ರಾಜ್ಯ ಮಹಿಳಾ ಅಭಿವೃದ್ಧಿ ನಿಗಮದ ಉದ್ಯೋಗಿನಿ ಯೋಜನೆಯಲ್ಲಿ ಬ್ಯಾಂಕಿನ ಮೂಲಕ 3 ಲಕ್ಷದವರೆಗೆ ಸಾಲ ಸಿಗುತ್ತದೆ. ಪರಿಶಿಷ್ಟ ಜಾತಿ, ಪಂಗಡದವರಿಗೆ ಅರ್ಧದಷ್ಟು ಸಹಾಯಧನ. ಉಳಿದವರಿಗೆ ಶೇ 30, ಅದೂ 90,000 ರೂಪಾಯಿ ಮೀರದಂತೆ. ಕುಟುಂಬದ ಆದಾಯಕ್ಕೆ ಮಿತಿ ಇದೆ. ಕೇಂದ್ರದ ಮುದ್ರಾ ಸಾಲ ಯೋಜನೆಯಲ್ಲಿ 50,000ದವರೆಗಿನದು ಶಿಶು, ಅಲ್ಲಿಂದ 5 ಲಕ್ಷದವರೆಗೆ ಕಿಶೋರ. ಪಿಎಂಇಜಿಪಿ, ಅಂದರೆ ಪ್ರಧಾನಮಂತ್ರಿ ಉದ್ಯೋಗ ಸೃಜನ ಕಾರ್ಯಕ್ರಮ, ದೊಡ್ಡ ಯೋಜನೆ. ಸೇವಾ ಉದ್ಯಮಕ್ಕೆ 20 ಲಕ್ಷದವರೆಗಿನ ಯೋಜನಾ ವೆಚ್ಚ, ಮಹಿಳೆಯರಿಗೆ ಗ್ರಾಮೀಣ ಭಾಗದಲ್ಲಿ ಶೇ 35, ನಗರದಲ್ಲಿ ಶೇ 25 ಸಹಾಯಧನ. ಅರ್ಜಿ ಹಾಕಿಸಿಕೊಡುತ್ತೇನೆ ಎಂದು 5,000 ಕೇಳುವವನು ಬಂದೇ ಬರುತ್ತಾನೆ. ಕೊಡಬೇಡಿ.

ಆದರೆ ಸಾಲ ಸಿಗುತ್ತದೆ ಎಂಬುದು ಸಾಲ ಮಾಡಲು ಕಾರಣವಲ್ಲ. ಒಂದೂವರೆ ಲಕ್ಷ ಸಾಲಕ್ಕೆ ಮೂರು ವರ್ಷದ ಅವಧಿಯಾದರೆ ತಿಂಗಳ ಕಂತು ಸುಮಾರು 5,000. ವಿದ್ಯುತ್ 1,200, ಸಾಮಗ್ರಿ 4,000. ಬಾಡಿಗೆ ಇಲ್ಲದಿದ್ದರೂ 10,200 ಆಯಿತು. ನಿಮ್ಮೂರಿನಲ್ಲಿ ಹುಬ್ಬಿಗೆ 40 ರೂಪಾಯಿ ಎಂದುಕೊಳ್ಳೋಣ. ತಿಂಗಳಿಗೆ 255 ಜನ, ದಿನಕ್ಕೆ ಹತ್ತು. ಇದರಲ್ಲಿ ನಿಮ್ಮ ಕೂಲಿ ಒಂದು ಪೈಸೆಯೂ ಸೇರಿಲ್ಲ. 6,000 ಬಾಡಿಗೆಯ ಅಂಗಡಿಯಾದರೆ ದಿನಕ್ಕೆ ಹದಿನಾರು ಜನ. ಆ ಮುಂದಿನ ಕೋಣೆಯ ಬೆಲೆ ಅತ್ತೆಯವರಿಗೆ ಗೊತ್ತೋ ಇಲ್ಲವೋ, ನಿಮಗೆ ಗೊತ್ತಿರಲಿ.

ಜಿಎಸ್‌ಟಿ ಬಗ್ಗೆ ಈಗಲೇ ಹೆದರಬೇಡಿ. ವರ್ಷಕ್ಕೆ 20 ಲಕ್ಷ ವಹಿವಾಟಿನವರೆಗೆ ನೋಂದಣಿ ಬೇಕಿಲ್ಲ. ಅದನ್ನು ಮೀರಿದವರಿಗೂ ಸೌಂದರ್ಯ ಸೇವೆಗಳ ತೆರಿಗೆ 2025ರ ಸೆಪ್ಟೆಂಬರ್ 22ರಿಂದ ಶೇ 18ರಿಂದ ಶೇ 5ಕ್ಕೆ ಇಳಿದಿದೆ. ನಗರಸಭೆಯ ಉದ್ದಿಮೆ ಪರವಾನಗಿ ಮಾತ್ರ ಮಾಡಿಸಿಕೊಳ್ಳಿ.

ಸಿದ್ದಾಪುರದ ಸೊಸೆ · ಮಂಗಳವಾರ

ಹುಬ್ಬಳ್ಳಿಯ ಅಕ್ಕ ಹೇಳಿದ್ದು ಹುಬ್ಬಳ್ಳಿಗೆ ಸರಿ. ನಮ್ಮ ಹಳ್ಳಿಯ ಸುತ್ತ ಸಹಾಯಕಿಯಾಗಿ ಸೇರಲು ಪಾರ್ಲರ್ ಎಲ್ಲಿದೆ? ಹತ್ತಿರದ್ದೆಂದರೆ 22 ಕಿಲೋಮೀಟರ್, ಬಸ್ ದಿನಕ್ಕೆ ಮೂರು. ನಾನು ತರಬೇತಿ ಮುಗಿಸಿದ ವಾರವೇ ಮನೆಯ ಜಗಲಿಯಲ್ಲಿ ಶುರು ಮಾಡಿದೆ. ಕುರ್ಚಿ ಅಡಿಗೆಮನೆಯದು, ತಲೆ ಒರಗಿಸಲು ದಿಂಬು. ಸಂಘದ ಹನ್ನೆರಡು ಹೆಂಗಸರೇ ಮೊದಲ ಗಿರಾಕಿಗಳು. ಯಾರಿಗೂ ಮೂರು ತಿಂಗಳು ದುಡ್ಡು ಹೇಳಲಿಲ್ಲ, ಕೆಲವರು ತೆಂಗಿನಕಾಯಿ, ಬಾಳೆಗೊನೆ ಕೊಟ್ಟರು. ಈಗ ಆರನೇ ವರ್ಷ. ಎಲ್ಲರೂ ಪೇಟೆಯ ದಾರಿಯನ್ನೇ ಹಿಡಿಯಬೇಕು ಎಂದೇನಿಲ್ಲ.

ಹುಬ್ಬಳ್ಳಿ ಹುಬ್ಬು · ಮಂಗಳವಾರ

ಒಪ್ಪಿದೆ. ಮೂರು ತಿಂಗಳು ದುಡ್ಡು ಕೇಳದೆ ಮಾಡಿದ್ದೇ ನಿಮ್ಮ ಸಹಾಯಕಿ ಕೆಲಸ, ಹೆಸರು ಬೇರೆ ಅಷ್ಟೇ.

ಚರ್ಮದ ಮಾತು · ಮಂಗಳವಾರ ರಾತ್ರಿ

ಚರ್ಮರೋಗ ವಿಭಾಗದಲ್ಲಿ ಹನ್ನೊಂದು ವರ್ಷದಿಂದ ನರ್ಸ್ ಆಗಿದ್ದೇನೆ. ಪಾರ್ಲರ್‌ನಿಂದ ನೇರವಾಗಿ ನಮ್ಮ ಬಳಿಗೆ ಬರುವವರನ್ನು ನೋಡಿ ನೋಡಿ ಕೈ ತಡೆಯದೆ ಬರೆಯುತ್ತಿದ್ದೇನೆ. ಯಾರೂ ಬೇಸರಿಸಬೇಡಿ.

ಬೋರ್ಡಿನಲ್ಲಿ ಬ್ಯೂಟಿ ಥೆರಪಿಸ್ಟ್, ಅಂದರೆ ಚರ್ಮದ ಆರೈಕೆ ಮಾಡುವವಳು, ಎಂದು ಹಾಕಿಕೊಂಡ ಮೇಲೆ ಕೆಲಸ ಕೇಳುವುದರಿಂದ ಶುರುವಾಗಬೇಕು. ಗಿರಾಕಿ ಕೂತ ತಕ್ಷಣ ಕ್ರೀಮಿಗೆ ಕೈ ಹಾಕುವವರಿಗೆ ಆ ಹೆಸರು ಒಪ್ಪುವುದಿಲ್ಲ. ಮೊಡವೆಗೆ ಐಸೊಟ್ರೆಟಿನಾಯಿನ್ ಮಾತ್ರೆ ನುಂಗುತ್ತಿರುವ ಹುಡುಗಿಗೆ ಮೇಲ್ತುಟಿಯ ವ್ಯಾಕ್ಸ್ ಮಾಡಿದರೆ ಕೂದಲಿನ ಜೊತೆ ಚರ್ಮವೂ ಎದ್ದು ಬರಬಹುದು. ಮಾತ್ರೆ ನಿಲ್ಲಿಸಿ ಆರು ತಿಂಗಳಾದರೂ ಕಾಯಬೇಕು. ಮೊಡವೆ, ಸುಕ್ಕಿಗೆಂದು ರಾತ್ರಿ ರೆಟಿನಾಲ್ ಕ್ರೀಮ್ ಹಚ್ಚುವವರಿಗೂ ಇದೇ ತೊಂದರೆ. 'ಏನಾದರೂ ಮಾತ್ರೆ, ಮುಲಾಮು ಇದೆಯೇ?' ಎಂಬ ಒಂದು ಪ್ರಶ್ನೆ ಕೇಳಿದ್ದರೆ ಮುಗಿಯುತ್ತಿತ್ತು.

ಕೂದಲ ಬಣ್ಣದಲ್ಲಿರುವ ಪಿಪಿಡಿ ಎಂಬ ರಾಸಾಯನಿಕ ಕೆಲವರಿಗೆ ಆಗುವುದೇ ಇಲ್ಲ. ಕಣ್ಣು ಮುಚ್ಚಿಹೋಗುವಷ್ಟು ಮುಖ ಊದಿಕೊಂಡು ಬಂದವರನ್ನು ಕಂಡಿದ್ದೇನೆ. ಕಿವಿಯ ಹಿಂದೆ ಒಂದು ಚುಕ್ಕೆ ಹಚ್ಚಿ 48 ಗಂಟೆ ಕಾಯಿಸಿ. ಹತ್ತು ವರ್ಷದಿಂದ ಹಚ್ಚುತ್ತಿದ್ದೇನೆ ಎನ್ನುವವರಿಗೂ ಮಾಡಿ. ಅಲರ್ಜಿ ಹನ್ನೊಂದನೇ ವರ್ಷವೂ ಶುರುವಾಗಬಹುದು. ಕಪ್ಪು ಮೆಹಂದಿಯಲ್ಲೂ ಇದೇ ಪಿಪಿಡಿ ಇರುತ್ತದೆ.

ಮೂರನೆಯದು, 'ಪಾರ್ಲರ್ ಕ್ರೀಮ್' ಎಂದು ಚಿಕ್ಕ ಡಬ್ಬಿಯಲ್ಲಿ ತುಂಬಿ ಮಾರುವ ಬಿಳಿ ಮುಲಾಮು. ಹೆಚ್ಚಿನವುಗಳಲ್ಲಿ ಬೀಟಾಮೆಥಾಸೋನ್, ಕ್ಲೊಬೆಟಾಸೋಲ್‌ನಂತಹ ಸ್ಟೀರಾಯ್ಡ್ ಇರುವುದನ್ನು ನಾವು ರೋಗಿಗಳ ಮುಖದ ಮೇಲೇ ಓದುತ್ತೇವೆ. ಹದಿನೈದು ದಿನ ಹೊಳೆಯುತ್ತದೆ. ಆಮೇಲೆ ಚರ್ಮ ತೆಳ್ಳಗಾಗಿ, ಕೆಂಪು ನರ ಕಾಣಿಸಿ, ಬಿಸಿಲಿಗೆ ಉರಿಯತೊಡಗುತ್ತದೆ. ಹಚ್ಚುವುದನ್ನು ಬಿಟ್ಟರೆ ಮೊಡವೆ, ಬಿಡದಿದ್ದರೆ ಮುಖದ ಮೇಲೆ ಕೂದಲು. ಬಿಳಿಯಾಗಿಸುತ್ತೇನೆ ಎಂಬ ಮಾತನ್ನೇ ನಿಮ್ಮ ಕೋಣೆಗೆ ಬಿಡಬೇಡಿ. ಮಚ್ಚೆ ಸುಡುವುದು, ಸೂಜಿ ಚುಚ್ಚುವುದು, ಬಿಳಿಯಾಗಲೆಂದು ಕೊಡುವ ಗ್ಲುಟಾಥಯೋನ್ ಇಂಜೆಕ್ಷನ್, ಇವು ವೈದ್ಯರ ಕೆಲಸ. ಸಂಜೆಯ ಹೊತ್ತು ಯಾರೋ ಬಂದು ಯಂತ್ರ ಕೊಟ್ಟು 'ಎರಡು ದಿನದ ತರಬೇತಿ ಸಾಕು' ಎಂದರೆ ಚಹಾ ಕೊಟ್ಟು ಕಳಿಸಿ.

ತಲೆ ತೊಳೆಯುವ ಬೇಸಿನ್ ಕೂಡ ಸುಮ್ಮನಲ್ಲ. ಕತ್ತನ್ನು ಹಿಂದಕ್ಕೆ ಅತಿಯಾಗಿ ಬಾಗಿಸಿದಾಗ ಮಿದುಳಿಗೆ ಹೋಗುವ ರಕ್ತನಾಳ ಒತ್ತಿ ಪಾರ್ಶ್ವವಾಯು ಆದ ಪ್ರಕರಣಗಳನ್ನು 1993ರಲ್ಲೇ ಅಮೆರಿಕದ ವೈದ್ಯ ಮೈಕಲ್ ವೈನ್‌ಟ್ರಾಬ್ ದಾಖಲಿಸಿದ್ದರು. ಅಪರೂಪ, ನಿಜ. ಮಡಚಿದ ಟವೆಲ್ ಒಂದನ್ನು ಕತ್ತಿನ ಕೆಳಗಿಡಲು ಎಷ್ಟು ಹೊತ್ತು ಬೇಕು?

ತಿಪಟೂರಿನವಳು · ಬುಧವಾರ

ಓದಿ ನಿಜಕ್ಕೂ ಭಯವಾಯಿತು. ಆದರೆ ಒಂದು ಅನುಮಾನ. ಹೊಸಬಳು ನಾನು, ಬಂದ ನಾಲ್ಕು ಗಿರಾಕಿಗಳಿಗೂ 'ಇವತ್ತು ಮಾಡುವುದಿಲ್ಲ, ಎರಡು ದಿನ ಬಿಟ್ಟು ಬನ್ನಿ' ಎಂದರೆ ಪಕ್ಕದ ಬೀದಿಗೆ ಹೋಗುವುದಿಲ್ಲವೇ?

ಹುಬ್ಬಳ್ಳಿ ಹುಬ್ಬು · ಬುಧವಾರ ರಾತ್ರಿ

ಹೋಗುತ್ತಾರೆ. ಇಬ್ಬರು ಹೋಗುತ್ತಾರೆ.

ಇಲ್ಲ ಎನ್ನದೆ ಇದ್ದದ್ದರ ಕಥೆ ಕೇಳು. 2011, ಮದುವೆಗೆ ಎರಡು ದಿನ ಇರುವ ಹುಡುಗಿ. ಜನ್ಮದಲ್ಲಿ ಬ್ಲೀಚ್ ಮಾಡಿಸಿದವಳಲ್ಲ. ಅವಳ ಚಿಕ್ಕಮ್ಮನ ಒತ್ತಾಯ, ಹಣವೂ ಅವರದೇ. ಬೆಳಿಗ್ಗೆ ದಾರದಿಂದ ಹಣೆ, ಕೆನ್ನೆ ತೆಗೆದಿದ್ದೆ. ಆ ಹಸಿ ಚರ್ಮದ ಮೇಲೆ ಸಂಜೆ ಬ್ಲೀಚ್ ಹಚ್ಚಿದೆ. ಐದನೇ ನಿಮಿಷಕ್ಕೆ ಅವಳು ಕುರ್ಚಿಯ ಕೈ ಹಿಡಿದುಕೊಂಡಳು, ಬಾಯಲ್ಲಿ ಏನೂ ಹೇಳಲಿಲ್ಲ. ಆ ಬೆರಳುಗಳು ಬೆಳ್ಳಗಾಗಿದ್ದು ನನಗೆ ಕಾಣಿಸಿತು. ಉರಿಯುವುದು ಸಹಜ ಎಂದುಕೊಂಡು ಇನ್ನೂ ಮೂರು ನಿಮಿಷ ಬಿಟ್ಟೆ. ಆ ಮೂರು ನಿಮಿಷ ನನ್ನದೇ ತಪ್ಪು. ಆರತಕ್ಷತೆಯ ಫೋಟೊದಲ್ಲಿ ಅವಳ ಎರಡು ಕೆನ್ನೆಯ ಮೇಲೆ ಮೇಕಪ್ಪಿಗೂ ಮುಚ್ಚದ ಎರಡು ಕೆಂಪು ಪಟ್ಟಿ. ದುಡ್ಡು ವಾಪಸ್ ಕೊಟ್ಟೆ, ಮನೆಗೆ ಹೋಗಿ ಕ್ಷಮೆ ಕೇಳಿದೆ. ಆ ಬೀದಿಯಿಂದ ಇಂದಿಗೂ ಒಬ್ಬರೂ ನನ್ನ ಅಂಗಡಿಗೆ ಬರುವುದಿಲ್ಲ.

ಅಂದಿನಿಂದ ಮದುವೆಯ ಕೊನೆಯ ಏಳು ದಿನ ಹೊಸದೇನನ್ನೂ ಮುಖಕ್ಕೆ ಹಚ್ಚುವುದಿಲ್ಲ. ಎರಡು ರೂಪಾಯಿಯ ಕಾರ್ಡ್ ಒಂದರಲ್ಲಿ ಹೆಸರು, ಮಾತ್ರೆ, ಅಲರ್ಜಿ, ಗರ್ಭಿಣಿಯೇ, ಹಿಂದಿನ ಸಲ ಏನು ಹಚ್ಚಿದೆ ಎಂದು ಬರೆದಿಡುತ್ತೇನೆ. ಮೊದಮೊದಲು ನಗುತ್ತಿದ್ದರು, 'ಆಸ್ಪತ್ರೆಯೇನಕ್ಕಾ?' ಎನ್ನುತ್ತಿದ್ದರು. ಈಗ ಹಳಬರು ಬಂದ ಕೂಡಲೇ 'ನನ್ನ ಕಾರ್ಡ್ ತೆಗೆ' ಎನ್ನುತ್ತಾರೆ. ಕಾರ್ಡ್ ಇರುವ ಪಾರ್ಲರ್ ಬಿಟ್ಟು ಹೋಗಲು ಅವರಿಗೂ ಮನಸ್ಸಾಗುವುದಿಲ್ಲ, ವ್ಯಾಪಾರದ ದೃಷ್ಟಿಯಿಂದಲೂ ಇದು ಲಾಭವೇ.

ಮೊಗ್ಗಿನ ಜಡೆ · ಗುರುವಾರ

ಮೈಸೂರಿನಿಂದ. ವಧುವಿನ ಅಲಂಕಾರ ನನ್ನ ಕೆಲಸ. ಹೊಸಬರೆಲ್ಲರ ಕಣ್ಣು ಇದರ ಮೇಲೇ ಇರುತ್ತದೆ, ಏಕೆಂದರೆ ಒಂದು ಮದುವೆಗೆ ಸಿಗುವುದು ಪಾರ್ಲರ್‌ನ ಹತ್ತು ದಿನದ ದುಡಿಮೆ. ಆದರೆ ಆ ದಿನ ಹೇಗಿರುತ್ತದೆ ಗೊತ್ತೇ? ಧಾರೆ ಬೆಳಿಗ್ಗೆ ಆರೂವರೆಗೆ ಎಂದರೆ ನಾನು ಛತ್ರದಲ್ಲಿರಬೇಕಾದದ್ದು ಮೂರು ಗಂಟೆಗೆ. ಹಿಂದಿನ ರಾತ್ರಿ ಕೂತು ಬಾಳೆನಾರಿಗೆ, ರಟ್ಟಿಗೆ ಮಲ್ಲಿಗೆ ಮೊಗ್ಗು ಒಂದೊಂದಾಗಿ ಹೊಲಿದಿರಬೇಕು. ಅರಳಿದರೆ ಕೆಟ್ಟಿತು, ಆದ್ದರಿಂದ ಒದ್ದೆ ಬಟ್ಟೆಯಲ್ಲಿ ಸುತ್ತಿ ತಣ್ಣಗಿಡಬೇಕು. ವಧುವಿನ ಕೂದಲು ತೆಳುವಿದ್ದರೆ ಜಡೆಯ ಭಾರಕ್ಕೆ ಮುಹೂರ್ತದ ಹೊತ್ತಿಗೆ ಜಾರುತ್ತದೆ, ಎಲ್ಲರ ಕಣ್ಣು ಆಗ ನನ್ನ ಮೇಲೆ. ಕಟ್ಟಿದ ಮೇಲೆ ಸೋದರತ್ತೆ ಬಂದು 'ಕುಚ್ಚು ಸ್ವಲ್ಪ ಎಡಕ್ಕಿದೆ' ಎನ್ನುತ್ತಾರೆ. ಅವರನ್ನೂ ಸಹಿಸಬೇಕು.

ಮುಂಗಡ ಅರ್ಧ ಪಡೆಯದೆ ದಿನಾಂಕ ಬರೆದುಕೊಳ್ಳಬೇಡಿ. ಆಷಾಢ, ಧನುರ್ಮಾಸ, ಪಿತೃಪಕ್ಷ ಸೇರಿಸಿದರೆ ವರ್ಷದಲ್ಲಿ ಮೂರು ತಿಂಗಳ ಹತ್ತಿರ ನನ್ನ ಪೆಟ್ಟಿಗೆ ಮುಚ್ಚಿಯೇ ಇರುತ್ತದೆ. ಹುಬ್ಬು, ವ್ಯಾಕ್ಸ್, ಫೇಶಿಯಲ್ ಮಾಡುವವರಿಗೆ ಹನ್ನೆರಡು ತಿಂಗಳೂ ಅನ್ನ ಇದೆ. ಜಡೆಯನ್ನು ಆಮೇಲೆ ಕಲಿಯಿರಿ. ಮತ್ತು ಸೊಂಟ! ಕುರ್ಚಿಯ ಎತ್ತರ ನಿಮ್ಮ ಸೊಂಟಕ್ಕೆ ಸರಿಯಾಗಿರಲಿ. ನನಗೆ 38, ಎರಡು ಡಿಸ್ಕ್ ಜಾರಿವೆ.

ಬ್ಯಾಗು ಹೊತ್ತವಳು · ಗುರುವಾರ ರಾತ್ರಿ

ನಾಲ್ಕನೇ ದಾರಿಯೂ ಇದೆ, ಯಾರೂ ಹೇಳಲಿಲ್ಲ. ಬೆಂಗಳೂರಿನಲ್ಲಿ ಆ್ಯಪ್ ಮೂಲಕ ಮನೆಮನೆಗೆ ಹೋಗುವ ಕೆಲಸ. ನಾಲ್ಕು ವರ್ಷ ಮಾಡಿದೆ. ತಿಂಗಳಿಗೆ ಕೈಗೆ 28,000ದವರೆಗೂ ಬಂದದ್ದಿದೆ, ಪಾರ್ಲರ್‌ನ ಸಂಬಳಕ್ಕಿಂತ ಹೆಚ್ಚೇ. ಬೆನ್ನಿನ ಮೇಲೆ ಹದಿನಾಲ್ಕು ಕಿಲೋ ಬ್ಯಾಗು, ಲಿಫ್ಟ್ ಇಲ್ಲದ ನಾಲ್ಕನೇ ಮಹಡಿ, ಕೆಲವು ಅಪಾರ್ಟ್‌ಮೆಂಟ್‌ಗಳಲ್ಲಿ ಶೌಚಾಲಯ ಎಲ್ಲಿದೆ ಎಂದು ಕೇಳಲೂ ಹಿಂಜರಿಕೆ. ಸಾಮಗ್ರಿಯನ್ನು ಕಂಪನಿಯಿಂದಲೇ ಕೊಳ್ಳಬೇಕು. ಮಗುವಿಗೆ ಜ್ವರ ಬಂದ ವಾರ ನಾಲ್ಕು ಬುಕಿಂಗ್ ರದ್ದು ಮಾಡಿದೆ. ಆ್ಯಪ್‌ನಲ್ಲಿ ನನ್ನ ಐಡಿ ನಿಂತುಹೋಯಿತು. ಮಾತನಾಡಲು ಒಬ್ಬ ಮನುಷ್ಯ ಸಿಗಲಿಲ್ಲ.

ರಾಜ್ಯದಲ್ಲಿ 2025ರಲ್ಲಿ ಗಿಗ್ ಕಾರ್ಮಿಕರ, ಅಂದರೆ ಹೀಗೆ ಆ್ಯಪ್ ಮೂಲಕ ದುಡಿಯುವವರ, ಕಾಯ್ದೆ ಬಂದಿದೆ. ಕಾರಣ ತಿಳಿಸಿ ಹದಿನಾಲ್ಕು ದಿನ ಮೊದಲೇ ನೋಟಿಸ್ ಕೊಡದೆ ಹೊರಹಾಕುವಂತಿಲ್ಲ. ನನ್ನ ಕಾಲಕ್ಕೆ ಅದಿರಲಿಲ್ಲ. ಒಂದು ಒಳ್ಳೆಯ ಮಾತೂ ಹೇಳಬೇಕು, ವಸ್ತುಗಳನ್ನು ಶುಚಿಯಾಗಿಡುವ ಶಿಸ್ತು ಕಲಿತದ್ದು ಅಲ್ಲೇ. ಒಮ್ಮೆ ಬಳಸಿ ಎಸೆಯುವ ಹಾಸು, ಒಮ್ಮೆ ಅದ್ದಿದ ಕಡ್ಡಿಯನ್ನು ಮತ್ತೆ ವ್ಯಾಕ್ಸಿಗೆ ಅದ್ದದಿರುವುದು. ಈಗ ಸ್ವಂತವಾಗಿ ಮೂವತ್ತು ಮನೆ ಹಿಡಿದಿದ್ದೇನೆ.

ಲೆಸ್ಟರ್ ಕನ್ನಡತಿ · ಶುಕ್ರವಾರ

ಇಂಗ್ಲೆಂಡಿನಲ್ಲಿ ಈ ಕೆಲಸಕ್ಕೆ ಲೆವೆಲ್ ಎರಡು, ಲೆವೆಲ್ ಮೂರು ಎಂಬ ಮೆಟ್ಟಿಲುಗಳಿವೆ. ಎರಡರಲ್ಲಿ ಫೇಶಿಯಲ್, ವ್ಯಾಕ್ಸ್, ಉಗುರು. ಮೂರರಲ್ಲಿ ಮೈ ಮಸಾಜು, ವಿದ್ಯುತ್ ಯಂತ್ರಗಳು. ಸರ್ಟಿಫಿಕೇಟ್ ತೋರಿಸದೆ ವಿಮೆ ಸಿಗದು, ವಿಮೆ ಇಲ್ಲದವರನ್ನು ಸಲೂನಿನವರು ಸೇರಿಸಿಕೊಳ್ಳುವುದಿಲ್ಲ. ಊರಿನಲ್ಲಿ ಎಂಟು ವರ್ಷ ಪಾರ್ಲರ್ ನಡೆಸಿದ ನಾನು ಇಲ್ಲಿ ಹದಿನೇಳರ ಹುಡುಗಿಯರ ಜೊತೆ ಬೆಂಚಿನ ಮೇಲೆ ಕೂತು ಚರ್ಮದ ಪದರಗಳ ಹೆಸರು ಬಾಯಿಪಾಠ ಮಾಡಿದೆ. ದಾರ ಹಿಡಿದ ದಿನ ಮಾತ್ರ ಟೀಚರ್ ಸೇರಿ ಎಲ್ಲರೂ ನನ್ನ ಸುತ್ತ ನಿಂತರು.

ಮುಂದೆ ಹೊರದೇಶದ ಆಸೆ ಇದ್ದರೆ ಕೋರ್ಸಿನ ಜಾಹೀರಾತಿನಲ್ಲಿ 'ಅಂತರರಾಷ್ಟ್ರೀಯ' ಎಂಬ ಪದ ನೋಡಿ ದುಡ್ಡು ಕಟ್ಟಬೇಡಿ. ಸೌಂದರ್ಯ ಕೋರ್ಸುಗಳಿಗೆ ಪ್ರಮಾಣಪತ್ರ ಕೊಡುವ ಸಿಡೆಸ್ಕೊ, ಐಟೆಕ್ ಎಂಬ ಹೆಸರುಗಳಿವೆಯೇ, ಪರೀಕ್ಷೆ ನಿಜವಾಗಿ ಅವರೇ ನಡೆಸುತ್ತಾರೆಯೇ ಎಂದು ಆ ಸಂಸ್ಥೆಗಳ ಪಟ್ಟಿಯಲ್ಲೇ ನೋಡಿ. ಸಿಡೆಸ್ಕೊ 1946ರಿಂದ ಇದೆ, ಕೇಂದ್ರ ಜೂರಿಚ್‌ನಲ್ಲಿದೆ. ತಿಪಟೂರಿನಲ್ಲೇ ಇರುವುದಾದರೆ ಅದರ ಅಗತ್ಯ ಇಲ್ಲ.

ದಾವಣಗೆರೆ ಕತ್ತರಿ · ಶುಕ್ರವಾರ ರಾತ್ರಿ

ಅತ್ತೆಯವರ ಮಾತಿಗೆ ಯಾರೂ ಉತ್ತರಿಸಲಿಲ್ಲ, ನಾನು ಉತ್ತರಿಸುತ್ತೇನೆ. ಸವಿತಾ ಸಮಾಜದವನು, ನಮ್ಮದು ಮೂರು ತಲೆಮಾರಿನ ಕಸುಬು. ನಮ್ಮ ಅಜ್ಜ ಊರಿನ ಮನೆಮನೆಗೆ ಹೋಗಿ ಕ್ಷೌರ ಮಾಡಿ ಸುಗ್ಗಿಯಲ್ಲಿ ಕೂಲಿಯಾಗಿ ಆಯದ ಕಾಳು ತರುತ್ತಿದ್ದರು. ಹಿತ್ತಲಲ್ಲಿ ಕೂರಿಸಿ ಕೆಲಸ ಮಾಡಿಸಿಕೊಂಡು, ಹೋದ ಮೇಲೆ ನೀರು ಚಿಮುಕಿಸುತ್ತಿದ್ದ ಮನೆಗಳವು. ಅದೇ ಮನೆಗಳ ಮೊಮ್ಮಕ್ಕಳು ಈಗ ಎಸಿ ಹಾಕಿಸಿ ಸಲೂನ್ ತೆರೆದು, ನಮ್ಮ ಹುಡುಗರನ್ನೇ ಸಂಬಳಕ್ಕೆ ಇಟ್ಟುಕೊಂಡಿದ್ದಾರೆ. ನನಗೆ ಸಿಟ್ಟೂ ಇದೆ, ನಗುವೂ ಬರುತ್ತದೆ. ಕಾಲು ತಿಕ್ಕುವುದು ಕೀಳು ಎಂಬ ಮಾತು ಪೆಡಿಕ್ಯೂರ್ ಎಂಬ ಹೆಸರಿನಲ್ಲಿ 600 ರೂಪಾಯಿ ಆದಾಗ ಹೇಗೆ ಮಾಯವಾಯಿತು ಎಂದು ಅವರನ್ನು ಕೇಳಿ ನೋಡಿ. ಬೇಡ, ಕೇಳಬೇಡಿ, ಮನೆಯಲ್ಲಿ ಜಗಳವಾದೀತು. ಒಂದು ತಿಂಗಳ ಕರೆಂಟ್ ಬಿಲ್ ನಿಮ್ಮ ದುಡ್ಡಿನಲ್ಲಿ ಕಟ್ಟಿ.

ತಿಪಟೂರಿನವಳು · ಐದು ತಿಂಗಳ ನಂತರ

ಮರೆತಿಲ್ಲ ತಾನೇ? ತರಬೇತಿ ಮುಗಿಯಿತು. ಬೆಂಗಳೂರಿಗೆ ಹೋಗಲಿಲ್ಲ, ಸಾಲ ಮಾಡಲಿಲ್ಲ. ಬಸ್ ನಿಲ್ದಾಣದ ಹತ್ತಿರದ ಪಾರ್ಲರ್ ಒಂದರಲ್ಲಿ ಬೆಳಿಗ್ಗೆ ಹತ್ತರಿಂದ ಎರಡರವರೆಗೆ ಇರುತ್ತೇನೆ, 4,500 ಕೊಡುತ್ತಾರೆ. ಸಂಜೆ ಮನೆಯ ಕೋಣೆಯಲ್ಲಿ ನೆರೆಹೊರೆಯವರಿಗೆ. ಖರೀದಿಸಿದ್ದು ಒಂದು ಕುರ್ಚಿ, ವ್ಯಾಕ್ಸ್ ಹೀಟರ್, ಸ್ಟೀಮರ್, ಟವೆಲ್ ಎರಡು ಡಜನ್, ಎಲ್ಲ ಸೇರಿ 23,000 ರೂಪಾಯಿ. ಉಳಿದದ್ದು ಬ್ಯಾಂಕಿನಲ್ಲಿದೆ. ಕಾರ್ಡ್‌ಗಳನ್ನು ಮಗಳ ಹಳೆಯ ಪುಸ್ತಕದ ರಟ್ಟಿನಿಂದ ಮಾಡಿದ್ದೇನೆ, ನಿನ್ನೆಗೆ 61 ಆದವು. ಕೂದಲ ಬಣ್ಣಕ್ಕೆ ಬಂದ ಮೇಡಂ ಒಬ್ಬರಿಗೆ 48 ಗಂಟೆ ಕಾಯಬೇಕು ಎಂದೆ, ಸಿಟ್ಟಾಗಿ ಎದ್ದು ಹೋದರು, ಇನ್ನೂ ಬಂದಿಲ್ಲ. ಕರೆಂಟ್ ಬಿಲ್ ಮೂರು ತಿಂಗಳಿಂದ ನಾನೇ ಕಟ್ಟುತ್ತಿದ್ದೇನೆ. ಅತ್ತೆ ಏನೂ ಹೇಳಿಲ್ಲ, ಆದರೆ ಗಿರಾಕಿ ಬಂದಾಗ ಹಜಾರದ ಟಿವಿಯ ಸದ್ದು ಕಡಿಮೆ ಮಾಡುತ್ತಾರೆ.

ಒಂದು ತೊಂದರೆ ಬಿಡದೆ ಕಾಡುತ್ತಿದೆ. ಬಲಹುಬ್ಬು ಸರಿಯಾಗಿ ಬರುತ್ತದೆ, ಎಡಹುಬ್ಬು ಯಾವಾಗಲೂ ಒಂದು ಎಳೆ ತೆಳ್ಳಗಾಗುತ್ತದೆ. ಯಾಕೆ?

ಹುಬ್ಬಳ್ಳಿ ಹುಬ್ಬು · ಅದೇ ರಾತ್ರಿ

ಎರಡೂ ಹುಬ್ಬನ್ನು ಒಂದೇ ಜಾಗದಲ್ಲಿ ನಿಂತು ಮಾಡುತ್ತಿದ್ದೀಯ, ಅದಕ್ಕೆ. ಎಡಹುಬ್ಬಿನ ಮೇಲೆ ಬಾಗಿದಾಗ ನಿನ್ನ ಕಣ್ಣು ಓರೆಯಾಗಿ ಬೀಳುತ್ತದೆ, ಇರುವುದಕ್ಕಿಂತ ದಪ್ಪ ಕಾಣಿಸುತ್ತದೆ, ಇನ್ನೊಂದು ಸಾಲು ತೆಗೆಯುತ್ತೀಯ. ಕುರ್ಚಿಯ ನೇರ ಹಿಂದೆ ನಿಂತು ಶುರು ಮಾಡು, ಪ್ರತಿ ನಾಲ್ಕು ಎಳೆತಕ್ಕೊಮ್ಮೆ ಮುಂದೆ ಬಂದು ಅವರನ್ನು ಎದ್ದು ಕೂರಿಸಿ ನೋಡು. ಮೊದಲು ಎಡಹುಬ್ಬು ಮಾಡಿ, ಅದಕ್ಕೆ ಬಲವನ್ನು ಹೊಂದಿಸು. ಮತ್ತು ಮೇಲಿನ ಅಂಚನ್ನು ಮುಟ್ಟಬೇಡ, ಆರು ತಿಂಗಳು ಕೆಳಗಿನ ಅಂಚು ಮಾತ್ರ. ಹೀಟರ್ ಯಾವುದು ತೆಗೆದುಕೊಂಡೆ? ಶಾಖದ ಗುಂಡಿ ಇರುವುದು ತಾನೇ?